ಮೊದಲ ವರ್ಷ ಹೂ ಕೇಳಬೇಡಿ: ದುಂಬಿಗಳನ್ನು ಕರೆಯುವ ಮೆಲಿಲಾಟ್ ಗಿಡ

ಅಮ್ಮ ಮೊದಲ ಸಲ ಇಂಗ್ಲೆಂಡಿಗೆ ಬಂದಾಗ ನಮ್ಮ ಹಿತ್ತಲಲ್ಲಿ ನಿಂತು, "ಇಷ್ಟೊಂದು ಮೆಂತ್ಯ ಹಾಕಿದ್ದೀಯಲ್ಲ, ಕುಯ್ಯೋದಿಲ್ವಾ?" ಅಂತ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಒಂದು ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿದಳು. ಮೆಂತ್ಯದ ವಾಸನೆ ಬರಲಿಲ್ಲ. ಬಾಯಿಗೆ ಹಾಕಿಕೊಂಡಳು. ಕಹಿ. ತುಪ್ಪಿ, "ಇದೇನೋ ಕಳೆ" ಅಂತ ತೀರ್ಪು ಕೊಟ್ಟು ಒಳಗೆ ಹೋದಳು.

ಅವಳ ಮಾತು ಪೂರ್ತಿ ತಪ್ಪಲ್ಲ. ಒಂದು ತೊಟ್ಟಿಗೆ ಮೂರು ಪುಟ್ಟ ಎಲೆ, ಅಂಚಿನಲ್ಲಿ ಸಣ್ಣ ಹಲ್ಲು, ನೋಡಲು ಥೇಟ್ ಮೆಂತ್ಯ ಸೊಪ್ಪು. ಸಸ್ಯಶಾಸ್ತ್ರದ ಲೆಕ್ಕದಲ್ಲೂ ಇವೆರಡು ಹತ್ತಿರದ ನೆಂಟರು. ಆದರೆ ಮೆಂತ್ಯ ಮೊಣಕಾಲು ಮುಟ್ಟುವಷ್ಟರಲ್ಲಿ ಮುಗಿದುಹೋಗುತ್ತದೆ, ಇದು ಎದೆಮಟ್ಟ, ಕೆಲವೊಮ್ಮೆ ತಲೆಮಟ್ಟ ಬೆಳೆಯುತ್ತದೆ. ಹೆಸರು ಟಾಲ್ ಮೆಲಿಲಾಟ್. ಶಾಸ್ತ್ರೀಯ ಹೆಸರು ಮೆಲಿಲೋಟಸ್ ಆಲ್ಟಿಸ್ಸಿಮಸ್, ಅಂದರೆ ತುಂಬ ಎತ್ತರದ ಮೆಲಿಲಾಟ್. 'ಮೆಲಿ' ಎಂದರೆ ಗ್ರೀಕಿನಲ್ಲಿ ಜೇನು. ಹೆಸರಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದಾರೆ.

ಇದಕ್ಕೆ ಅಣ್ಣತಮ್ಮಂದಿರು ಇದ್ದಾರೆ. ಬಿಳಿ ಹೂವಿನದು ಮೆಲಿಲೋಟಸ್ ಆಲ್ಬಸ್. ಹಳದಿ ಹೂವಿನ ಇನ್ನೊಂದು ಮೆಲಿಲೋಟಸ್ ಆಫಿಸಿನಾಲಿಸ್. ಅಮೆರಿಕದಲ್ಲಿ ಈ ಎರಡನ್ನೂ ಸ್ವೀಟ್ ಕ್ಲೋವರ್ ಅನ್ನುತ್ತಾರೆ. ಹಳದಿಯ ಎರಡನ್ನು ಬೇರೆ ಮಾಡುವುದು ಸ್ವಲ್ಪ ತಲೆನೋವು. ನಾನು ಕಾಯಿ ನೋಡಿ ಹೇಳುತ್ತೇನೆ. ಬಲಿತಾಗ ಕಪ್ಪಾಗಿ, ಮೈಮೇಲೆ ಸಣ್ಣ ರೋಮ ಇದ್ದರೆ ಟಾಲ್ ಮೆಲಿಲಾಟ್. ಕಂದು ಬಣ್ಣ, ರೋಮ ಇಲ್ಲ, ಮೈ ಸುಕ್ಕು ಅಂದರೆ ಆಫಿಸಿನಾಲಿಸ್. ಬೆಳೆಸುವ ರೀತಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ.

ಈಗ ಎಲ್ಲರೂ ಮುಗ್ಗರಿಸುವ ಜಾಗಕ್ಕೆ ಬರೋಣ. ಇದು ಎರಡು ವರ್ಷ ಬಾಳುವ ಗಿಡ. ಎರಡೂ ವರ್ಷ ಹೂ ಬಿಡುತ್ತದೆ ಅಂತ ಅಲ್ಲ. ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂ, ಆಮೇಲೆ ಸಾವು. ನನಗೆ ಇದು ಗೊತ್ತಿರಲಿಲ್ಲ. ಬೀಜದ ಪೊಟ್ಟಣದ ಮೇಲೆ ಬರೆದಿತ್ತು, ನಾನೇ ಓದಿರಲಿಲ್ಲ. ಏಪ್ರಿಲ್‌ನಲ್ಲಿ ಬಿತ್ತಿ, ಜುಲೈಯಲ್ಲಿ ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಹೋಗಿ ನೋಡುವುದು, ಹೂವಿಲ್ಲ ಅಂತ ವಾಪಸ್ ಬರುವುದು. ಸೆಪ್ಟೆಂಬರ್‌ನಲ್ಲಿ ಸಿಟ್ಟು ಬಂದು ಅರ್ಧ ಪಾತಿ ಬುಡಸಮೇತ ಕಿತ್ತು ಬಿಸಾಕಿದೆ. ಉಳಿದರ್ಧ ಉಳಿದದ್ದು ಮಳೆ ಬಂತು ಅನ್ನುವ ಒಂದೇ ಕಾರಣಕ್ಕೆ.

ಮೊದಲ ವರ್ಷ ಗಿಡ ಸುಮ್ನೆ ಕೂತಿರುವುದಿಲ್ಲ, ಅದರ ಕೆಲಸ ನಮಗೆ ಕಾಣುವುದಿಲ್ಲ ಅಷ್ಟೇ. ಬೇಸಿಗೆಯಲ್ಲಿ ಒಂದು ಕಾಂಡ ಎಬ್ಬಿಸಿ ಎಲೆ ಬಿಡುತ್ತದೆ. ದಿನ ಚಿಕ್ಕದಾಗುತ್ತಾ ಬಂದಂತೆ, ಎಲೆ ಮಾಡಿದ ಆಹಾರವನ್ನೆಲ್ಲಾ ಕೆಳಗೆ ತಾಯಿಬೇರಿಗೆ ಇಳಿಸುತ್ತದೆ. ಮೂಲಂಗಿಯ ಹಾಗೆ ದಪ್ಪವಾಗುವ ಈ ಬೇರು ನಾಲ್ಕೈದು ಅಡಿ ಆಳಕ್ಕೂ ಇಳಿಯಬಲ್ಲದು. ಬುಡದಲ್ಲಿ, ಮಣ್ಣಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಮುಂದಿನ ವರ್ಷದ ಮೊಗ್ಗುಗಳು ಸಿದ್ಧವಾಗುತ್ತವೆ. ಚಳಿ ಬಂದಾಗ ಮೇಲಿನದೆಲ್ಲಾ ಒಣಗಿ ಬೀಳುತ್ತದೆ. ಡಿಸೆಂಬರ್‌ನಲ್ಲಿ ನೋಡಿದರೆ ಗಿಡ ಸತ್ತೇ ಹೋಯಿತು ಅನ್ನಿಸುತ್ತದೆ. ಮಾರ್ಚ್‌ನಲ್ಲಿ ಅದೇ ಬುಡದಿಂದ ಒಂದಲ್ಲ, ಹಲವಾರು ಕಾಂಡಗಳು ಒಟ್ಟಿಗೆ ಹೊರಡುತ್ತವೆ, ವರ್ಷವಿಡೀ ಕೂಡಿಟ್ಟ ಗಂಟನ್ನು ಒಂದೇ ಸಲ ಖರ್ಚು ಮಾಡುವವರ ಹಾಗೆ. ಜೂನ್ ಹೊತ್ತಿಗೆ ಹೂ.

ಇಂಥ ಗಿಡ ನಮಗೆ ಹೊಸದಲ್ಲ. ಎಲೆಕೋಸು ಹೀಗೇ. ನಮ್ಮ ಬಯಲುಸೀಮೆಯಲ್ಲಿ ರಾಶಿ ರಾಶಿ ಎಲೆಕೋಸು ಬೆಳೆಯುತ್ತಾರೆ, ಆದರೆ ಎಲೆಕೋಸಿನ ಹೂವನ್ನು ಎಷ್ಟು ಜನ ನೋಡಿದ್ದೇವೆ? ಅದಕ್ಕೆ ಒಂದು ಚಳಿಗಾಲದ ಗಟ್ಟಿ ತಂಪು ಸಿಗಬೇಕು, ಆಮೇಲೇ ಹೂ. ಹಾಗಾಗಿಯೇ ಅದರ ಬೀಜವನ್ನು ಹಿಮಾಚಲದ ಕುಲ್ಲು ಕಣಿವೆಯಂಥ ಕಡೆ ಬೆಳೆಸುತ್ತಾರೆ. ಮೆಲಿಲಾಟ್‌ಗೆ ಚಳಿಯ ಜೊತೆಗೆ ಉದ್ದ ಹಗಲೂ ಬೇಕು. ದಕ್ಷಿಣ ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆ ದಾಟುತ್ತದೆ. ಅದಕ್ಕೆ ಅದು ಸರಿಹೋಗುತ್ತದೆ.

ಹಾಗಾದರೆ ಪ್ರತಿ ವರ್ಷ ಹೂ ಬೇಕು ಅಂದರೆ? ಎರಡು ವರ್ಷ ಸತತವಾಗಿ ಬಿತ್ತಬೇಕು. ಈ ವರ್ಷ ಪಾತಿಯ ಒಂದು ಕಡೆ, ಮುಂದಿನ ವರ್ಷ ಇನ್ನೊಂದು ಕಡೆ. ಆಮೇಲೆ ಉದುರಿದ ಬೀಜ ತಾನೇ ಲೆಕ್ಕ ನೋಡಿಕೊಳ್ಳುತ್ತದೆ. ಒಂದೇ ವರ್ಷ ಬಿತ್ತಿದರೆ ಒಂದು ಬೇಸಿಗೆ ಹಳದಿ, ಇನ್ನೊಂದು ಬೇಸಿಗೆ ಖಾಲಿ. ಬಂದ ದುಂಬಿ ನಿರಾಸೆಯಾಗಿ ವಾಪಸ್.

ಇಷ್ಟೆಲ್ಲಾ ಕಾದು ಏನು ಸಿಗುತ್ತದೆ ಅನ್ನುವುದು ತಿಳಿಯಬೇಕಾದರೆ ಹೂವನ್ನು ಹತ್ತಿರದಿಂದ ನೋಡಬೇಕು. ಒಂದು ಹೂ ಅರ್ಧ ಸೆಂಟಿಮೀಟರ್ ಚಿಲ್ಲರೆ. ಒಂಟಿಯಾಗಿ ನೋಡಿದರೆ ಏನೂ ಅಲ್ಲ. ತೊಗರಿ, ಅಲಸಂದೆ ಹೂವಿನದೇ ಅಚ್ಚು. ಮೇಲೆ ಬಾವುಟದ ಹಾಗೆ ನಿಂತ ಒಂದು ದಳ, ಅಕ್ಕಪಕ್ಕ ರೆಕ್ಕೆಯಂಥ ಎರಡು, ಕೆಳಗೆ ದೋಣಿಯಂತೆ ಕೂಡಿಕೊಂಡ ಎರಡು. ಕೇಸರ, ಶಲಾಕೆ ಎಲ್ಲಾ ಆ ದೋಣಿಯೊಳಗೆ ಅಡಗಿ ಕೂತಿರುತ್ತವೆ. ಜೇನುನೊಣ ಬಂದು ರೆಕ್ಕೆ ದಳದ ಮೇಲೆ ಕಾಲಿಟ್ಟು ತಲೆ ತೂರಿಸುತ್ತದೆ. ಆ ಭಾರಕ್ಕೆ ದೋಣಿ ಕೆಳಗೆ ಬಾಗುತ್ತದೆ, ಒಳಗಿನ ಕೇಸರ ಹೊರಗೆ ಬಂದು ನೊಣದ ತಲೆಯ ಕೆಳಭಾಗಕ್ಕೆ ಪರಾಗ ಸವರುತ್ತದೆ. ನೊಣ ಹಾರಿತು, ದೋಣಿ ಮತ್ತೆ ಮೇಲೆ. ಮುಂದಿನ ಗಿರಾಕಿಗೆ ಅಂಗಡಿ ತೆರೆದೇ ಇದೆ.

ಇದು ಸಣ್ಣ ವಿಷಯ ಅಲ್ಲ. ಕುದುರೆಮೆಂತ್ಯ ಅಂತೀವಲ್ಲ, ಆ ಮೇವಿನ ಗಿಡದ ಹೂವಿನಲ್ಲಿ ಕೇಸರ ಒಂದೇ ಸಲ ಸ್ಪ್ರಿಂಗಿನ ಹಾಗೆ ಪಟ್ ಅಂತ ಚಿಮ್ಮಿ ನೊಣದ ಮುಖಕ್ಕೇ ಬಡಿಯುತ್ತದೆ, ಮತ್ತೆ ಒಳಗೆ ಹೋಗುವುದಿಲ್ಲ. ಜೇನುನೊಣಗಳಿಗೆ ಈ ಪೆಟ್ಟು ಇಷ್ಟವಿಲ್ಲ, ಅನುಭವ ಆದ ಮೇಲೆ ಪಕ್ಕದ ಸಂದಿಯಿಂದ ಮಕರಂದ ಕದಿಯಲು ಕಲಿತುಬಿಡುತ್ತವೆ. ಮೆಲಿಲಾಟ್ ಯಾರಿಗೂ ಹೊಡೆಯುವುದಿಲ್ಲ.

ಇನ್ನೊಂದು ಲೆಕ್ಕ ನಾಲಿಗೆಯದು. ಜೇನುನೊಣದ ನಾಲಿಗೆ ಸುಮಾರು 6 ಮಿಲಿಮೀಟರ್. ಕೆಂಪು ಕ್ಲೋವರ್ ಹೂವಿನ ನಳಿಕೆ ಅದಕ್ಕಿಂತ ಆಳ, ಹಾಗಾಗಿ ಅಲ್ಲಿ ಉದ್ದ ನಾಲಿಗೆಯ ದೊಡ್ಡ ದುಂಬಿಗಳದೇ ದರ್ಬಾರು. ಮೆಲಿಲಾಟ್ ನಳಿಕೆ ತೀರಾ ಗಿಡ್ಡ. ಜೇನುನೊಣಕ್ಕೂ ಸಿಗುತ್ತದೆ, ಬಂಬಲ್‌ಬೀಗೂ ಸಿಗುತ್ತದೆ, ಗೂಡು ಕಟ್ಟದೆ ನೆಲದ ತೂತಿನಲ್ಲಿ ಒಂಟಿಯಾಗಿ ಬದುಕುವ ಪುಟಾಣಿ ಜೇನುಗಳಿಗೂ ಸಿಗುತ್ತದೆ. ಕಣಜದ ವೇಷ ಹಾಕಿಕೊಂಡು ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹೂನೊಣಗಳೂ ಬರುತ್ತವೆ. ಸಾಲದ್ದಕ್ಕೆ ಒಂದು ಹೂಗೊಂಚಲಿನಲ್ಲಿ ಹತ್ತಾರು ಹೂ, ಬುಡದಿಂದ ಶುರುವಾಗಿ ಮೇಲಕ್ಕೆ ದಿನಕ್ಕಿಷ್ಟು ಅಂತ ಅರಳುತ್ತವೆ, ಒಂದು ಗೊಂಚಲು ಮುಗಿಯುವಷ್ಟರಲ್ಲಿ ಪಕ್ಕದ ರೆಂಬೆಯಲ್ಲಿ ಇನ್ನೊಂದು ಸಿದ್ಧ. ಹೀಗೆ ಜೂನ್‌ನಿಂದ ಆಗಸ್ಟ್‌ವರೆಗೆ ಎಳೆಯುತ್ತದೆ.

ಈ ಸಮಯಕ್ಕೂ ಬೆಲೆ ಇದೆ. ಇಲ್ಲಿನ ಜೇನು ಸಾಕುವವರು 'ಜೂನ್ ಗ್ಯಾಪ್' ಅಂತ ಒಂದು ಮಾತು ಹೇಳುತ್ತಾರೆ. ವಸಂತದ ಹೂಗಳು ಮುಗಿದಿರುತ್ತವೆ, ಬೇಸಿಗೆಯವು ಇನ್ನೂ ಪೂರ್ತಿ ಶುರುವಾಗಿರುವುದಿಲ್ಲ, ಆದರೆ ಗೂಡು ಮಾತ್ರ ತುಂಬಿ ತುಳುಕುತ್ತಿರುತ್ತದೆ. ಮನೆ ತುಂಬಾ ನೆಂಟರು, ಡಬ್ಬಿಯಲ್ಲಿ ಅಕ್ಕಿ ಇಲ್ಲ ಅನ್ನುವ ಸ್ಥಿತಿ. ಮೊದಲಾದರೆ ಹೂ ತುಂಬಿದ ಹುಲ್ಲುಗಾವಲುಗಳು ಹೊಟ್ಟೆ ತುಂಬಿಸುತ್ತಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದಿಂದ ಈಚೆಗೆ ಅಂಥ ಹುಲ್ಲುಗಾವಲಿನ ಶೇ. 97ರಷ್ಟು ಹೋಗಿಬಿಟ್ಟಿದೆ ಅನ್ನುವುದು ಇಲ್ಲಿ ಎಲ್ಲರೂ ಹೇಳುವ ಲೆಕ್ಕ. ನನ್ನ ಹಿತ್ತಲು ಅದನ್ನು ಸರಿ ಮಾಡುವುದಿಲ್ಲ ಬಿಡಿ. ಆದರೆ ಜೂನ್ ಕೊನೆಯ ಒಂದು ಬಿಸಿಲು ಮಧ್ಯಾಹ್ನ ಆ ಪಾತಿಯ ಗುಂಯ್ ಅನ್ನುವ ಶಬ್ದ ಅಡುಗೆಮನೆಗೂ ಕೇಳಿಸುತ್ತದೆ.

ಬಿತ್ತುವುದು ಹೇಗೆ? ಮೊದಲು ಬೀಜದ ಹಠ ಅರ್ಥ ಮಾಡಿಕೊಳ್ಳಿ. ಹೆಸರುಕಾಳು ಮೊಳಕೆಗೆ ನೆನೆಸುತ್ತೀವಲ್ಲ, ಬೆಳಿಗ್ಗೆ ನೋಡಿದರೆ ಎಲ್ಲವೂ ಉಬ್ಬಿರುತ್ತವೆ, ಎರಡು ಮೂರು ಮಾತ್ರ ಕಲ್ಲಿನ ಹಾಗೆ ಹಾಗೇ ಇರುತ್ತವೆ, ಉಸಲಿ ತಿನ್ನುವಾಗ ಹಲ್ಲಿಗೆ ಕಟ್ ಅಂತ ಸಿಗುವುದು ಅವೇ. ಅವು ಕೆಟ್ಟ ಕಾಳಲ್ಲ. ಅವುಗಳ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ ಅಷ್ಟೇ. ಹೆಸರಿನಲ್ಲಿ ಎರಡು ಮೂರು, ಮೆಲಿಲಾಟ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಗೇ. ಕಾಡುಗಿಡಕ್ಕೆ ಇದು ಜಾಣತನ. ಎಲ್ಲಾ ಬೀಜ ಒಂದೇ ವರ್ಷ ಮೊಳೆತು, ಆ ವರ್ಷ ಬರ ಬಂದರೆ ವಂಶವೇ ಹೋಯಿತಲ್ಲ. ಹಾಗಾಗಿ ಇವತ್ತಿಷ್ಟು, ಹತ್ತು ವರ್ಷದ ಮೇಲೆ ಇನ್ನಷ್ಟು. ಮಣ್ಣಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಜೀವ ಹಿಡಿದುಕೊಂಡಿರಬಲ್ಲದು.

ನಮಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಎರಡು ದಾರಿ. ಬಡಗಿಗಳು ಮರ ಉಜ್ಜುವ ಉಪ್ಪುಕಾಗದ ಎರಡು ತುಂಡು ತೆಗೆದುಕೊಂಡು, ನಡುವೆ ಬೀಜ ಹಾಕಿ, ಹೊಳಪು ಹೋಗಿ ಮಂಕಾಗುವ ತನಕ ಹಗುರವಾಗಿ ಉಜ್ಜಿ. ಪುಡಿ ಮಾಡಬೇಡಿ. ಒಂದು ರಾತ್ರಿ ನೆನೆಸಿ, ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ. ಇದು ಮಾರ್ಚ್, ಏಪ್ರಿಲ್ ಬಿತ್ತನೆಗೆ. ಸೋಮಾರಿಗಳ ದಾರಿ ಇನ್ನೊಂದು, ನನಗೆ ಅದೇ ಇಷ್ಟ. ಚಳಿಗಾಲ ಶುರುವಾಗುವ ಹೊತ್ತಿಗೆ ಬರಿ ಮಣ್ಣಿನ ಮೇಲೆ ಬೀಜ ಎರಚಿ ಬಿಟ್ಟುಬಿಡಿ. ಹಿಮ ಕಟ್ಟುವುದು, ಕರಗುವುದು, ಮತ್ತೆ ಕಟ್ಟುವುದು, ಇಷ್ಟರಲ್ಲಿ ಸಿಪ್ಪೆ ತಾನೇ ಬಿರುಕು ಬಿಡುತ್ತದೆ. ವಸಂತದಲ್ಲಿ ಮೊಳಕೆ. ಬೀಜ ಎಷ್ಟು ಬೇಕು ಅಂತ ಚಿಂತೆ ಬೇಡ. ಒಂದು ಗ್ರಾಂನಲ್ಲಿ ಐನೂರರ ಆಸುಪಾಸು ಬೀಜ ಇರುತ್ತದೆ, ಮನೆ ಹಿತ್ತಲಿಗೆ ಧಾರಾಳ. ಆಳ ಅರ್ಧ ಸೆಂಟಿಮೀಟರ್ ಸಾಕು, ಜಾಸ್ತಿ ಮುಚ್ಚಿದರೆ ಮೇಲೆ ಬರುವುದಿಲ್ಲ. ಹುಲ್ಲಿನ ಮಧ್ಯೆ ಎರಚಿದರೂ ಪ್ರಯೋಜನ ಇಲ್ಲ, ಮೊಳಕೆಗೆ ಬೆಳಕು ಬೇಕು, ಹುಲ್ಲು ಅದನ್ನು ನುಂಗಿಹಾಕುತ್ತದೆ.

ಮಣ್ಣು ಹುಳಿ ಇರಬಾರದು. ಸುಣ್ಣದ ಅಂಶ ಇರುವ ಜೇಡಿಮಣ್ಣು ಅಂದರೆ ಇದಕ್ಕೆ ಹಬ್ಬ. ಇಲ್ಲಿ ಇದು ತಾನಾಗಿ ಬೆಳೆಯುವುದು ರಸ್ತೆ ಬದಿ, ರೈಲು ಹಳಿಯ ಪಕ್ಕ, ಯಾರೂ ನೋಡದ ಪಾಳು ಜಾಗಗಳಲ್ಲಿ. ಗೊಬ್ಬರ ಹಾಕಬೇಡಿ, ದಯವಿಟ್ಟು. ಹಾಕಿದರೆ ಲಾಭ ಹುಲ್ಲಿಗೆ, ನಷ್ಟ ಇದಕ್ಕೆ. ಇದು ತನ್ನ ಸಾರಜನಕವನ್ನು ತಾನೇ ಗಾಳಿಯಿಂದ ಸಂಪಾದಿಸುತ್ತದೆ. ಬೇರಿನ ಗಂಟುಗಳಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾ ಆ ಕೆಲಸ ಮಾಡಿಕೊಡುತ್ತವೆ, ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಎಲ್ಲಾ ಬೇಳೆಕಾಳಿಗೂ ಒಂದೇ ಬ್ಯಾಕ್ಟೀರಿಯಾ ನಡೆಯುವುದಿಲ್ಲ. ಆದರೆ ಮೆಲಿಲಾಟ್, ಕುದುರೆಮೆಂತ್ಯ, ನಮ್ಮ ಮೆಂತ್ಯ, ಮೂರೂ ಒಂದೇ ಗುಂಪಿನ ಬ್ಯಾಕ್ಟೀರಿಯಾ ಜೊತೆ ಸಂಸಾರ ಮಾಡುತ್ತವೆ. ಅಮ್ಮನ ಊಹೆ ಬೇರಿನ ಮಟ್ಟಕ್ಕೂ ಸರಿ ನೋಡಿ. ಕೆಲಸ ನಡೆಯುತ್ತಿದೆಯಾ ಅಂತ ನೋಡಲು ಒಂದು ಗಿಡ ಕಿತ್ತು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಸರಿ. ಬಿಳಿ ಅಥವಾ ಹಸಿರು ಇದ್ದರೆ ಬ್ಯಾಕ್ಟೀರಿಯಾ ಕೆಲಸಕ್ಕೆ ಬಂದಿಲ್ಲ.

ಎತ್ತರದ ಗಿಡ, ಆದ್ದರಿಂದ ಪಾತಿಯ ಹಿಂದಿನ ಸಾಲಿಗೆ ಹಾಕಿ. ಗಾಳಿಗೆ ಬಾಗುತ್ತದೆ, ಮಳೆ ಬಿದ್ದರೆ ಮಲಗುತ್ತದೆ, ಸುತ್ತ ಎತ್ತರದ ಬೇರೆ ಗಿಡ ಇದ್ದರೆ ಒರಗಿಕೊಳ್ಳುತ್ತದೆ. ಕತ್ತರಿಸುವಾಗ ಮಾತ್ರ ಎಚ್ಚರ. ಮೊದಲ ವರ್ಷ ಶರತ್ಕಾಲದಲ್ಲಿ ಕತ್ತರಿ ಹಾಕಬೇಡಿ, ಎಲೆ ಬೇರಿಗೆ ಊಟ ಇಳಿಸುವ ಹೊತ್ತು ಅದು. ಎರಡನೇ ವರ್ಷ ಮೊಗ್ಗು ಬರುವಾಗ ನೆಲಮಟ್ಟಕ್ಕೆ ಕತ್ತರಿಸಿದರೆ ಗಿಡ ಸಾಯುತ್ತದೆ, ಯಾಕೆಂದರೆ ಬುಡದ ಮೊಗ್ಗುಗಳೆಲ್ಲಾ ಆಗಲೇ ಖರ್ಚಾಗಿರುತ್ತವೆ, ಮತ್ತೆ ಚಿಗುರಬೇಕಾದರೆ ಕಾಂಡದ ಮೇಲಿನ ಕಣ್ಣುಗಳಿಂದಲೇ.

ಈ ಕೊನೆಯ ಮಾತು ಇಂಗ್ಲೆಂಡಿನಲ್ಲಿ ಎಚ್ಚರಿಕೆ, ಅಮೆರಿಕದಲ್ಲಿ ಆಯುಧ. ಅಲ್ಲಿಗೆ ಯುರೋಪಿನವರು ಬಿಳಿ, ಹಳದಿ ಸ್ವೀಟ್ ಕ್ಲೋವರ್ ತಂದರು. 20ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ರೈತರಿಗೆ ಅದು ಮೇವು, ಹಸಿರೆಲೆ ಗೊಬ್ಬರ ಎರಡೂ ಆಗಿತ್ತು. ಜೇನು ಸಾಕುವವರಿಗಂತೂ ಬಂಗಾರ. ಆದರೆ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ, ಬೀಜ ದಶಕಗಟ್ಟಲೆ ಕಾಯುತ್ತದೆ. ಹೊಲದಿಂದ ಹೊರಗೆ ಬಿದ್ದದ್ದು ಅಲ್ಲಿನ ಪ್ರೈರಿ ಹುಲ್ಲುಗಾವಲುಗಳಿಗೆ, ಅಲಾಸ್ಕಾದಲ್ಲಿ ನದಿದಂಡೆಗಳಿಗೂ ನುಗ್ಗಿತು, ಅಲ್ಲಿಯ ಗಿಡ್ಡ ಸಸ್ಯಗಳಿಗೆ ನೆರಳು ಕವಿಯಿತು. ಪ್ರೈರಿ ಕಾಯುವವರು ಹುಲ್ಲಿಗೆ ಬೆಂಕಿ ಇಡುವುದುಂಟು. ಆ ಬಿಸಿಗೆ ಸ್ವೀಟ್ ಕ್ಲೋವರ್ ಬೀಜದ ಸಿಪ್ಪೆ ಒಡೆದು ಇನ್ನೂ ಜೋರಾಗಿ ಮೊಳೆಯುತ್ತದೆ! ಹಾಗಾಗಿ ಅವರು ಒಂದು ವರ್ಷ ಬೆಂಕಿ ಇಟ್ಟು ಮೊಳೆಯಲು ಬಿಟ್ಟು, ಮುಂದಿನ ವರ್ಷ ಚಿಗುರು ಮೇಲೆದ್ದ ಮೇಲೆ ಮತ್ತೆ ಸುಡುತ್ತಾರೆ, ಇಲ್ಲವೇ ಹೂವಿಗೆ ಮೊದಲು ನೆಲಮಟ್ಟಕ್ಕೆ ಕತ್ತರಿಸುತ್ತಾರೆ. ಎರಡು ವರ್ಷದ ಲೆಕ್ಕ ಗೊತ್ತಿದ್ದರೆ ಬೆಳೆಸಲೂಬಹುದು, ಮುಗಿಸಲೂಬಹುದು. ಅಮೆರಿಕದಲ್ಲಿರುವ ಕನ್ನಡದವರು ಇದನ್ನು ಓದಿ ಬೀಜ ತರಿಸಬೇಡಿ, ನಿಮ್ಮಲ್ಲಿನ ಊರಿನ ಹೂಗಿಡಗಳೇ ಮೇಲು.

ಅಮೆರಿಕದ ಇನ್ನೊಂದು ಕಥೆ ಹೇಳದೆ ಬಿಡಲು ಮನಸ್ಸಿಲ್ಲ. ಒಣಗಿದ ಮೆಲಿಲಾಟ್‌ಗೆ ಹೊಸ ಹುಲ್ಲಿನ, ಸ್ವಲ್ಪ ವೆನಿಲ್ಲಾದ ಪರಿಮಳ ಇರುತ್ತದೆ. ಅದು ಕೂಮರಿನ್ ಎಂಬ ವಸ್ತುವಿನಿಂದ, ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆಯಲ್ಲೂ ಅದು ಇದೆ. ಮೇವನ್ನು ಸರಿಯಾಗಿ ಒಣಗಿಸದೆ ಬೂಸ್ಟು ಹಿಡಿದರೆ, ಬೂಸ್ಟು ಈ ಕೂಮರಿನ್ ಅನ್ನು ಡೈಕೂಮರಾಲ್ ಆಗಿ ಬದಲಾಯಿಸುತ್ತದೆ. ಅದು ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಹಾಕುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. 1920ರ ದಶಕದಲ್ಲಿ ಕೆನಡಾ, ಉತ್ತರ ಡಕೋಟಾ ಕಡೆ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯುತ್ತಿದ್ದವು. 1933ರ ಫೆಬ್ರವರಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ವಿಸ್ಕಾನ್ಸಿನ್ ರೈತ ಸತ್ತ ಕಡಸು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ, ಬೂಸ್ಟು ಹಿಡಿದ ಮೇವು ಎಲ್ಲವನ್ನೂ ಗಾಡಿಗೆ ಹಾಕಿಕೊಂಡು, ಹಿಮದ ಬಿರುಗಾಳಿಯಲ್ಲಿ ಮ್ಯಾಡಿಸನ್‌ಗೆ ಬಂದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದ ಬಾಗಿಲು ತಟ್ಟಿದ. ಆ ವಸ್ತುವನ್ನು ಬೇರ್ಪಡಿಸಲು 1939ರವರೆಗೆ ಹಿಡಿಯಿತು. ಅದೇ ದಾರಿಯಲ್ಲಿ ವಾರ್ಫರಿನ್ ಬಂತು, 1948ರಲ್ಲಿ ಇಲಿಪಾಷಾಣವಾಗಿ, 1954ರಲ್ಲಿ ಮನುಷ್ಯರಿಗೆ ಔಷಧಿಯಾಗಿ. ಹೃದಯದಲ್ಲಿ ಕೃತಕ ಕವಾಟ ಹಾಕಿಸಿಕೊಂಡವರಿಗೆ ರಕ್ತ ತೆಳುವಾಗಲು ಕೊಡುವ ಮಾತ್ರೆ ಈ ವಂಶದ್ದು. ಗದ್ದೆ, ತೋಟದಲ್ಲಿ ನಮ್ಮ ರೈತರು ಇಲಿಗೆ ಇಡುವ ಬ್ರೋಮಾಡಿಯೋಲೋನ್ ಕೂಡ ಇದೇ ವಂಶದ್ದು. ಹಿತ್ತಲಿನವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟೇ: ಕತ್ತರಿಸಿದ ಗಿಡವನ್ನು ಒದ್ದೆಯಾಗಿ ರಾಶಿ ಹಾಕಿ, ಆಮೇಲೆ ಅದನ್ನು ಕುದುರೆಗೋ ಮೊಲಕ್ಕೋ ಹಾಕಬೇಡಿ.

ಕರ್ನಾಟಕದಲ್ಲಿ ಬೆಳೆಯಬಹುದಾ ಅಂತ ತಮ್ಮ ಕೇಳಿದ. ಟಾಲ್ ಮೆಲಿಲಾಟ್ ಬೇಡ ಅಂದೆ. ಮಂಡ್ಯದ ಚಳಿಗೆ ಅದು ಹೂ ಬಿಡುವುದಿಲ್ಲ, ಬಿಟ್ಟರೆ ಇನ್ನೂ ಕಷ್ಟ, ಹೊಸ ಕಳೆ ತಂದ ಹಾಗೆ. ಇದರ ಒಂದು ವರ್ಷದ ನೆಂಟ ಉತ್ತರ ಭಾರತದ ಗೋಧಿ ಹೊಲಗಳಲ್ಲಿ ಆಗಲೇ ಕಳೆಯಾಗಿ ಕೂತಿದೆ, ಹಿಂದಿಯಲ್ಲಿ ಅದನ್ನು ಬನ್ ಮೇಥಿ ಅನ್ನುತ್ತಾರೆ, ಅಂದರೆ ಕಾಡುಮೆಂತ್ಯ. ಊರಿನ ದುಂಬಿಗಳಿಗೆ ಊರಿನ ದ್ವಿದಳ ಗಿಡಗಳು ಸಾಲದೇ? ಸೆಣಬು ಒಂದು ಸಾಲು ಹಾಕು, ಮರ ಕೊರೆಯುವ ಕಪ್ಪು ದುಂಬಿ ತಾನೇ ಬರುತ್ತದೆ, ಅಷ್ಟು ದೊಡ್ಡ ಹೂವನ್ನು ಬಗ್ಗಿಸಲು ಅಂಥದ್ದೇ ಭಾರ ಬೇಕು. ಬದುವಿನಲ್ಲಿ ತೊಗರಿ ಇರಲಿ. ಯುಗಾದಿ ಹೊತ್ತಿಗೆ ಹೊಂಗೆ ಹೂ ಬಿಟ್ಟಾಗ ಮರದ ಕೆಳಗೆ ನಿಂತು ಕೇಳು, ತುಡುವೆ ಜೇನು ಎಷ್ಟಿರುತ್ತದೆ ಅಂತ.

"ಹೊಂಗೆ ಮರ ಇತ್ತಲ್ಲ, ಶೆಡ್ ಹಾಕೋಕೆ ಹೋದ ವರ್ಷ ಕಡಿಸಿದ್ವಿ" ಅಂದ.